ಐತಿಹಾಸಿಕ ಕಾದಂಬರಿ ನನಗೆ ಸಾಕಾಗಿದೆ, ನಿಮಗೆ?

ಬದಿಯಡ್ಕದ ಓದುಗ:
ಸುತ್ತಿ ಬಳಸಿ ಹೇಳುವುದಿಲ್ಲ. ರಾಜ, ರಾಣಿ, ದಳವಾಯಿ ಇರುವ ಕಾದಂಬರಿ ಓದುವುದನ್ನು ಬಿಟ್ಟಿದ್ದೇನೆ. ದ್ವೇಷ ಏನಿಲ್ಲ. ಹೈಸ್ಕೂಲಿನಲ್ಲಿ ತರಾಸು ಅವರ ಚಿತ್ರದುರ್ಗದ ಕಾದಂಬರಿಗಳನ್ನು ಪಾಠಪುಸ್ತಕದ ಒಳಗೆ ಇಟ್ಟು ಓದಿದವನೇ ನಾನು. ಆದರೆ ಈಗ ‘ದುರ್ಗಾಸ್ತಮಾನ’ ತೆಗೆದರೆ ಐವತ್ತು ಪುಟ ದಾಟಲು ಆಗುವುದಿಲ್ಲ. 1779ರಲ್ಲಿ ಕೋಟೆ ಹೈದರನ ಕೈಗೆ ಹೋಗುತ್ತದೆ ಅಂತ ಗೊತ್ತೇ ಇದೆ. ಅಲ್ಲಿಯವರೆಗೆ ಎಲ್ಲರೂ ಮಾತಾಡುತ್ತಲೇ ಇರುತ್ತಾರೆ. ಪಹರೆಯವನು ಕೂಡ ತಾಳಮದ್ದಳೆಯ ಅರ್ಥಧಾರಿಯ ಹಾಗೆ ಮಾತಾಡುತ್ತಾನೆ. ಅವನು ಬೆಳಿಗ್ಗೆ ಏನು ಉಂಡ, ಅವನ ಹೆಂಡತಿ ಯಾರ ಹೊಲದಲ್ಲಿ ಕೂಲಿಗೆ ಹೋಗುತ್ತಾಳೆ, ಅದು ಯಾರಿಗೂ ಬೇಡ.

ಕಾರಂತರ ‘ಮರಳಿ ಮಣ್ಣಿಗೆ’ ನೋಡಿ. 1940ರ ದಶಕದ ಮೊದಲಲ್ಲಿ ಬಂದ ಪುಸ್ತಕ. ಅವರು ಚರಿತ್ರೆ ಬರೆಯಲು ಕೂತದ್ದಲ್ಲ. ಕರಾವಳಿಯ ಒಂದು ಮನೆ, ಮೂರು ತಲೆಮಾರು, ಅಷ್ಟೇ. ಮಳೆಗಾಲಕ್ಕೆ ಕಟ್ಟಿಗೆ ಕೂಡಿಡುವ ಹೆಂಗಸರು, ಇಂಗ್ಲಿಷ್ ಕಲಿತು ಮನೆ ಮರೆತ ಮಗ, ಪೇಟೆ ಸುತ್ತಿ ವಾಪಸ್ ಬಂದ ಮೊಮ್ಮಗ. ನೂರು ವರ್ಷದ ಹಿಂದಿನ ನಮ್ಮ ಕರಾವಳಿ ಹೇಗಿತ್ತು ಅಂತ ಯಾರಾದರೂ ಕೇಳಿದರೆ ನಾನು ಇತಿಹಾಸದ ಪುಸ್ತಕ ಕೊಡುವುದಿಲ್ಲ, ಇದನ್ನು ಕೊಡುತ್ತೇನೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕೂಡ ಹಾಗೇ. 1899ರಲ್ಲಿ ಅದು ಆ ದಿನದ ಜಗಳ. ವಿಧವೆ ಓದಬಹುದಾ, ಮತ್ತೆ ಮದುವೆ ಆಗಬಹುದಾ ಅಂತ. ಈಗ ಅದೇ ದಾಖಲೆ.

ನನ್ನ ವಾದ ಇಷ್ಟು: ಆ ಕಾಲದಲ್ಲಿ ಬದುಕಿದವರು ಆ ಕಾಲದ ಬಗ್ಗೆ ಬರೆದದ್ದೇ ಒಳ್ಳೆಯ ಚರಿತ್ರೆ. ಇನ್ನೂರು ವರ್ಷ ಕಳೆದು ಬರೆದದ್ದು ವೇಷ. ಬೈಯುವವರು ಪುಸ್ತಕದ ಹೆಸರು ಹೇಳಿ ಬೈಯಿರಿ, ಸುಮ್ನೆ ಬೈಯಬೇಡಿ.

ಸೀತಾಂಗೋಳಿ ಬಸ್‌ಸ್ಟಾಪ್:
ಅಣ್ಣಾ, ನೀವು ‘ದುರ್ಗಾಸ್ತಮಾನ’ ಬಂದ 1982ರಲ್ಲೇ ಇಳಿದು ಬಿಟ್ಟಿದ್ದೀರಿ ಅನ್ನಿಸುತ್ತದೆ. ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂತು, ಓದಿದ್ದೀರಾ? ಅದರಲ್ಲಿ ಕೃಷ್ಣದೇವರಾಯನ ಕಾಲ ಇದೆ, ಆದರೆ ಕತೆ ಅವನದಲ್ಲ. ಲಿಸ್ಬನ್‌ನ ಒಬ್ಬ ಬಡ ಹುಡುಗ, ಅವನು ಮೆಚ್ಚಿದ ಯಹೂದಿ ಹುಡುಗಿ, ಇತ್ತ ತುಂಗಭದ್ರೆಯ ಕಡೆಯ ಹಂಪಮ್ಮ. ಪೋರ್ಚುಗಲ್‌ನಲ್ಲಿ 1497ರಲ್ಲಿ ಯಹೂದಿಗಳನ್ನು ಬಲವಂತವಾಗಿ ಮತಾಂತರ ಮಾಡಿದರು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಶಾಲೆಯಲ್ಲಿ ನಮಗೆ ಒಂದು ಬೇರೆ ಪಾಠ, ಇನ್ನೊಂದು ಬೇರೆ ಪಾಠ. ಎರಡಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆದದ್ದು ಈ ಕಾದಂಬರಿ ಓದಿದ ಮೇಲೆ. ಆ ಕಾಲದಲ್ಲಿ ಇದ್ದವರಿಗೆ ಎರಡು ದಡವೂ ಒಟ್ಟಿಗೆ ಕಾಣಲು ಸಾಧ್ಯ ಇತ್ತಾ? ಹಂಪಿಯವರಿಗೆ ಲಿಸ್ಬನ್ ಗೊತ್ತಿಲ್ಲ, ಲಿಸ್ಬನ್‌ನವರಿಗೆ ಹಂಪಿಯ ಮನೆಯೊಳಗಿನದು ಗೊತ್ತಿಲ್ಲ. ಐನೂರು ವರ್ಷ ದೂರ ನಿಂತವರಿಗೆ ಮಾತ್ರ ಕಾಣುತ್ತದೆ. ದೂರ ಇರುವುದೂ ಒಂದು ಅನುಕೂಲ ಅಲ್ವಾ?

ಪೈವಳಿಕೆ ತೋಟದವ:
ನಾನು ಐತಿಹಾಸಿಕ ಕಾದಂಬರಿಯ ಅಡುಗೆಮನೆ ನೋಡುವವನು. ಒಂದು ಕಾದಂಬರಿಯಲ್ಲಿ, ಹೆಸರು ಬೇಡ, ಹೊಯ್ಸಳರ ಕಾಲದ ಸೈನಿಕರಿಗೆ ಹಸಿಮೆಣಸಿನ ಚಟ್ನಿ ಬಡಿಸಿದ್ದರು. ಮೆಣಸಿನಕಾಯಿ ಅಮೆರಿಕದ ಗಿಡ ಮಾರಾಯ್ರೆ. ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಬಂದದ್ದು. ಅಲ್ಲಿಯವರೆಗೆ ನಮಗೆ ಖಾರ ಅಂದರೆ ಕಾಳುಮೆಣಸು. ಗೇರು ಬ್ರೆಜಿಲ್‌ನದು. ಅನಾನಸು, ಪಪ್ಪಾಯಿ, ಮರಗೆಣಸು ಎಲ್ಲವೂ ಆಚೆಯವು. ರಬ್ಬರ್ ಬಂದದ್ದಂತೂ ಮೊನ್ನೆ ಮೊನ್ನೆ. ನನ್ನ ತೋಟ, ಗುಡ್ಡದಿಂದ ಇಷ್ಟನ್ನೂ ಕಿತ್ತು ತೆಗೆದರೆ ಉಳಿಯುವುದು ಅಡಕೆ, ತೆಂಗು, ಬಾಳೆ, ಮಾವು, ಹಲಸು, ಕಾಳುಮೆಣಸು. ಹೊಯ್ಸಳರ ಕಾಲ ಅಂದರೆ ಅದು. ಇಷ್ಟನ್ನೂ ವಿಚಾರಿಸದೆ ಬರೆದವರು ರಾಜನ ಮನಸ್ಸಿನಲ್ಲಿ ಆ ರಾತ್ರಿ ಏನಿತ್ತು ಅಂತ ಹೇಳಿದರೆ ನಾನು ಹೇಗೆ ನಂಬಲಿ?

ಗೇರು ಅಂದ ಕೂಡಲೇ ಇನ್ನೊಂದು ನೆನಪಾಯಿತು. ಅಂಬಿಕಾಸುತನ್ ಮಾಙಾಡ್ ಅವರ ಮಲಯಾಳ ಕಾದಂಬರಿ ‘ಎನ್ಮಕಜೆ’, 2009ರದು. ನಮ್ಮ ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಹೆಸರೇ ಅದಕ್ಕೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರಲ್ಲ, ಅದರ ಕತೆ. ಇಲ್ಲಿಯ ಎಷ್ಟು ಕನ್ನಡಿಗರು ಅದನ್ನು ಓದಿದ್ದೀರಿ? ಲಿಸ್ಬನ್ ಬಗ್ಗೆ ಓದುವುದು ಒಳ್ಳೆಯದೇ. ಅದೇ ಪಂಚಾಯತಿನ ಪೆರ್ಲದ ಬಗ್ಗೆಯೂ ಓದಿ.

ಬದಿಯಡ್ಕದ ಓದುಗ:
ತೋಟದವರು ನನ್ನ ಕಡೆ ಅಂತ ಲೆಕ್ಕ ಹಾಕಿಕೊಳ್ಳುತ್ತೇನೆ.

ತಂಗಿ, ‘ತೇಜೋ ತುಂಗಭದ್ರಾ’ ಓದಿದ್ದೇನೆ. ಓಡಿಸಿಕೊಂಡು ಹೋಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಒಳ್ಳೆಯವರು ನಮ್ಮ ಕಾಲದ ಒಳ್ಳೆಯವರ ಹಾಗೆ ಯೋಚಿಸುತ್ತಾರೆ. ಸತಿ ಬಗ್ಗೆ, ಮತಾಂತರದ ಬಗ್ಗೆ ನಮಗೆ ಬರುವ ಸಿಟ್ಟೇ ಅವರಿಗೂ ಬರುತ್ತದೆ. ನನಗೆ ಬೇಕಾದದ್ದು ಬೇರೆ. ಸತಿ ಸರಿ ಅಂತ ಪ್ರಾಮಾಣಿಕವಾಗಿ ನಂಬಿದ್ದ, ಆದರೂ ಕೆಟ್ಟವನಲ್ಲದ ಒಬ್ಬ ಮನುಷ್ಯನ ತಲೆಯೊಳಗೆ ಕೂರಬೇಕು. ಅದು ಈಗಿನವರಿಗೆ ಆಗುವುದಿಲ್ಲ. ಹಾಗಾಗಿ ಆ ಪುಸ್ತಕ 1510ಕ್ಕಿಂತ 2019ರ ಬಗ್ಗೆ ಜಾಸ್ತಿ ಹೇಳುತ್ತದೆ.

ಸೀತಾಂಗೋಳಿ ಬಸ್‌ಸ್ಟಾಪ್:
ಹಾಗಾದರೆ ನಿಮ್ಮ ಲೆಕ್ಕದಲ್ಲೇ ಅದು ಪಾಸಾಯಿತಲ್ಲ! 2019ರಲ್ಲಿ ಬದುಕಿದವರು 2019ರ ಬಗ್ಗೆ ಬರೆದದ್ದು. ನಮ್ಮ ಮೊಮ್ಮಕ್ಕಳು ನಾವು ಯಾವುದಕ್ಕೆ ಹೆದರುತ್ತಿದ್ದೆವು, ಯಾವುದಕ್ಕೆ ಸಿಟ್ಟಾಗುತ್ತಿದ್ದೆವು ಅಂತ ಅದರಿಂದಲೇ ತಿಳಿದುಕೊಳ್ಳಬಹುದು.

ಬದಿಯಡ್ಕದ ಓದುಗ:
ಮಾತಿನಲ್ಲಿ ಗೆದ್ದೆ ಅಂದುಕೋ. ವಾದದಲ್ಲಿ ಅಲ್ಲ.

ನೀಲೇಶ್ವರದ ಮಾಷ್ಟ್ರು:
ನೀವಿಬ್ಬರೂ ಹಗ್ಗದ ಎರಡು ತುದಿ ಹಿಡಿದು ಎಳೆಯುತ್ತಿದ್ದೀರಿ. ನಮ್ಮ ಜಿಲ್ಲೆಯ ನೆಲದ ಮೇಲೆ ಬಂದ ದೊಡ್ಡ ಕನ್ನಡ ಕಾದಂಬರಿ ನಡುವೆ ನಿಂತಿದೆ. ಅದರ ಹೆಸರನ್ನು ಇಷ್ಟು ಹೊತ್ತಾದರೂ ಯಾರೂ ಎತ್ತಲಿಲ್ಲ, ನನಗೆ ಬೇಜಾರಾಗಿದೆ. ನಿರಂಜನರ ‘ಚಿರಸ್ಮರಣೆ’.

ಗೊತ್ತಿಲ್ಲದ ಮಕ್ಕಳಿಗಾಗಿ ಹೇಳುತ್ತೇನೆ. ಕಯ್ಯೂರು ತೇಜಸ್ವಿನಿ ಹೊಳೆಯ ದಡದ ಊರು. 1941ರ ಮಾರ್ಚ್ 28ರಂದು ಅಲ್ಲಿ ರೈತರ ಮೆರವಣಿಗೆ. ಎದುರಿಗೆ ಸಿಕ್ಕ ಪೊಲೀಸ್ ಸುಬ್ಬರಾಯನ್ ಹೊಳೆಗೆ ಇಳಿದು ಅಲ್ಲೇ ಸತ್ತ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾರಣ ಕೇಸು ಮಂಗಳೂರಿನ ಸೆಷನ್ಸ್ ಕೋರ್ಟಿಗೆ ಹೋಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೆ ಹಾಕಿದರು. ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್. ಐದನೆಯವನು ಇನ್ನೂ ಪ್ರಾಯಕ್ಕೆ ಬಂದಿಲ್ಲ ಅಂತ ಗಲ್ಲು ತಪ್ಪಿತು. ನಿರಂಜನರು ಹುಟ್ಟಿದ್ದು 1924ರಲ್ಲಿ. ಅಂದರೆ ಗಲ್ಲಿಗೆ ಹೋದವರಿಗೂ ಅವರಿಗೂ ಪ್ರಾಯದಲ್ಲಿ ದೊಡ್ಡ ಅಂತರ ಇಲ್ಲ. ನಮ್ಮ ರಾಜಾಸ್ ಹೈಸ್ಕೂಲಿನಲ್ಲಿ ಓದಿದವರು. ಕಾದಂಬರಿ ಬಂದದ್ದು 1955ರಲ್ಲಿ.

ಈಗ ಹೇಳಿ, ಇದು ಐತಿಹಾಸಿಕವಾ, ಸಮಕಾಲೀನವಾ? ಕೋರ್ಟಿನ ದಾಖಲೆ ಇದೆ, ತಾರೀಕು ಇದೆ, ಸತ್ತವರ ಹೆಸರುಗಳೇ ಪಾತ್ರಗಳ ಹೆಸರು. ಹಾಗೆ ನೋಡಿದರೆ ಐತಿಹಾಸಿಕ. ಆದರೆ ಬರೆಯುವಾಗ ಅವರ ಜೊತೆಗೆ ಜೈಲಿಗೆ ಹೋದವರು ಇನ್ನೂ ಊರಿನಲ್ಲಿ ಓಡಾಡುತ್ತಿದ್ದರು. ಹಾಗೆ ನೋಡಿದರೆ ಸಮಕಾಲೀನ. ಇಂಗ್ಲಿಷಿನಲ್ಲಿ ಐತಿಹಾಸಿಕ ಕಾದಂಬರಿಗೆ ದಾರಿ ಹಾಕಿದ ವಾಲ್ಟರ್ ಸ್ಕಾಟ್ 1814ರಲ್ಲಿ ‘ವೇವರ್ಲಿ’ ಬರೆದಾಗ ಅದು ಅರವತ್ತು ವರ್ಷದ ಹಿಂದಿನ ಕತೆ ಅಂತ ಪುಸ್ತಕದ ಹೆಸರಿನಲ್ಲೇ ಹಾಕಿದ್ದ. ನಿರಂಜನರು ಅರವತ್ತು ವರ್ಷ ಕಾಯಲಿಲ್ಲ. ಹನ್ನೆರಡಕ್ಕೇ ಬರೆದರು. ಕಾದಿದ್ದರೆ ಹೇಳುವವರೇ ಇರುತ್ತಿರಲಿಲ್ಲ.

ಇನ್ನೊಂದು ವಿಷಯ. ಆ ಊರಿನವರು ಮಾತಾಡಿದ್ದು ಮಲಯಾಳ, ಕಾದಂಬರಿ ಬಂದದ್ದು ಕನ್ನಡದಲ್ಲಿ. ಆಮೇಲೆ ಅದು ಮಲಯಾಳಕ್ಕೆ ಅನುವಾದವಾಗಿ ಊರಿಗೆ ಹೋಯಿತು. ಈಗ ಇಲ್ಲಿಯ ವಾಯನಶಾಲೆಗಳಲ್ಲಿ, ಅಂದರೆ ಲೈಬ್ರರಿಗಳಲ್ಲಿ, ಅದರ ಪ್ರತಿ ಕೈಗೆ ಕೈಗೆ ಹೋಗಿ ಹರಿದು ಹೋಗಿರುತ್ತದೆ. ಮೂಲ ಕನ್ನಡ ಅಂದರೆ ನನ್ನ ಮಲಯಾಳಿ ಸಹೋದ್ಯೋಗಿಗಳು ನಗುತ್ತಾರೆ, ನಂಬುವುದೇ ಇಲ್ಲ. ಇಂಗ್ಲಿಷಿಗೆ ಅನುವಾದ ಮಾಡಿದ್ದು ನಿರಂಜನರ ಮಗಳು. ಹೊಳೆಯ ಹೆಸರು ತೇಜಸ್ವಿನಿ, ಮಗಳ ಹೆಸರೂ ತೇಜಸ್ವಿನಿ. ಇಷ್ಟೆಲ್ಲ ಇರುವ ಪುಸ್ತಕವನ್ನು ಕಾಸರಗೋಡಿನ ಕನ್ನಡಿಗರೇ ಮರೆತರೆ ಬೇರೆ ಯಾರು ನೆನಪಿಟ್ಟುಕೊಳ್ಳಬೇಕು?

ಉಪ್ಪಳ ಗೇಟ್:
ಮಾಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ‘ಚಿರಸ್ಮರಣೆ’ ಪಕ್ಷದ ಕಾದಂಬರಿ. ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ಮೊದಲ ಅಧ್ಯಾಯಕ್ಕೇ ಗೊತ್ತಾಗುತ್ತದೆ. ಹುಡುಗರಿಗೆ ಬುದ್ಧಿ ಹೇಳುವ ಮಾಷ್ಟ್ರು ಬಂದರೆಂದರೆ ಭಾಷಣ ಶುರು. ಬದಿಯಡ್ಕದವರಿಗೆ ಮದಕರಿಯ ಪಹರೆಯವನ ಮಾತು ಜಾಸ್ತಿ ಆಯಿತಂತೆ. ಇಲ್ಲಿ ರೈತನೂ ಅಷ್ಟೇ ಮಾತಾಡುತ್ತಾನಲ್ಲ, ಅದು ಯಾಕೆ ಕೇಳಿಸುವುದಿಲ್ಲ?

ಮತ್ತೆ ಆ ಸುಬ್ಬರಾಯನ್. ಅವನೂ ಸಂಬಳಕ್ಕೆ ದುಡಿಯುವವನೇ. ಅವನಿಗೂ ಒಂದು ಮನೆ ಇದ್ದಿರಬೇಕು, ಕಾಯುವವರು ಇದ್ದಿರಬೇಕು. ಎಂಬತ್ತು ವರ್ಷದಲ್ಲಿ ಕಯ್ಯೂರಿನ ಬಗ್ಗೆ ಕಾದಂಬರಿ ಬಂತು, 1986ರಲ್ಲಿ ‘ಮೀನಮಾಸತ್ತಿಲೆ ಸೂರ್ಯನ್’ ಸಿನಿಮಾ ಬಂತು, ಸ್ಮಾರಕ ಬಂತು. ಎಲ್ಲವೂ ದಡದ ಮೇಲೆ ನಿಂತು ನೋಡಿದ್ದು. ಹೊಳೆಯಲ್ಲಿ ಮುಳುಗುತ್ತಿದ್ದವನ ಕಡೆಯಿಂದ ಯಾರು ಬರೆದರು?

ನೀಲೇಶ್ವರದ ಮಾಷ್ಟ್ರು:
ಪಕ್ಷ ಇತ್ತು. ಅಡಗಿಸಿ ಇಟ್ಟದ್ದಲ್ಲ. ನಿರಂಜನರು ಕಮ್ಯುನಿಸ್ಟ್ ಆಗಿದ್ದವರು, ಅದು ಎಲ್ಲರಿಗೂ ಗೊತ್ತು. ಪಕ್ಷ ಇಲ್ಲದ ಕಾದಂಬರಿ ಯಾವುದು ಅಂತ ನೀವು ತೋರಿಸಿ. ಅರಮನೆಯ ಕತೆ ಬರೆದವರು ಅರಮನೆಯ ಪಕ್ಷ. ಅದಕ್ಕೆ ಬಾವುಟ ಇಲ್ಲ, ಅಷ್ಟೇ ವ್ಯತ್ಯಾಸ.

ಆ ರೈತರು ಯಾಕೆ ಮೆರವಣಿಗೆ ಹೋದರು ಅಂತಲೂ ನೋಡಬೇಕು. ಗೇಣಿ ಕೊಟ್ಟ ಮೇಲೂ ವಾಶಿ, ನುರಿ ಅಂತ ಜನ್ಮಿಗಳು, ಅಂದರೆ ಜಮೀನ್ದಾರರು, ಮೇಲಿಂದ ಕಿತ್ತುಕೊಳ್ಳುತ್ತಿದ್ದರು. ಕೊಡದಿದ್ದರೆ ಒಕ್ಕಲು ಬಿಡಿಸುವುದು. ಅದನ್ನು ಅನುಭವಿಸಿದವನಿಗೆ ಎರಡೂ ಕಡೆ ನ್ಯಾಯವಾಗಿ ತೂಗಿ ಮಾತಾಡು ಅಂತ ನಾನಂತೂ ಹೇಳಲಾರೆ.

ಉಪ್ಪಳ ಗೇಟ್:
ಅನುಭವಿಸಿದವನಿಗೆ ಹೇಳುವುದು ಬೇಡ. ಬರೆಯುವವನಿಗೆ ಹೇಳಬೇಕು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ತೆಗೆದುಕೊಳ್ಳಿ. ಕೊಡಗಿನ ಕೊನೆಯ ಅರಸ, 1834ರಲ್ಲಿ ಕಂಪನಿ ಅವನನ್ನು ಇಳಿಸಿತು. ಕ್ರೂರಿ, ಕುಡುಕ, ಹೆಣ್ಣಿನ ಹುಚ್ಚು. ಮಾಸ್ತಿ ಯಾವುದನ್ನೂ ಮುಚ್ಚುವುದಿಲ್ಲ. ಆದರೂ ಅವನು ಕುಂಟ ಬಸವನ ಹತ್ತಿರ ಕೂತಾಗ ನನಗೆ ಅಯ್ಯೋ ಅನ್ನಿಸುತ್ತದೆ. ಬಸವ ಇನ್ನೂ ಕೆಟ್ಟವನು, ಅವನ ಮೇಲೂ ಅಯ್ಯೋ ಅನ್ನಿಸುತ್ತದೆ. ನಾಯಿಗಳ ಜೊತೆ ಬೆಳೆದ ಹುಡುಗ ಮಂತ್ರಿಯಾಗಿ ಊರಿಗೇ ಕಚ್ಚುತ್ತಾನೆ. ಇಂಗ್ಲಿಷರು ಬರುವಾಗ ಬಾಗಿಲು ತೆಗೆದವರು ಅರಸನ ಮಂತ್ರಿಗಳೇ, ಅವರಿಗೂ ಒಂದು ನ್ಯಾಯ ಇದೆ. ಯಾರನ್ನು ಬೈಯಬೇಕು ಅಂತ ಗೊತ್ತಾಗದೆ ಪುಸ್ತಕ ಮುಚ್ಚಿದೆ. ಐತಿಹಾಸಿಕ ಕಾದಂಬರಿ ಅಂದರೆ ಅದು. 1983ರ ಜ್ಞಾನಪೀಠ ಸುಮ್ನೆ ಬಂದದ್ದಲ್ಲ.

ಬದಿಯಡ್ಕದ ಓದುಗರೇ, ಇದೂ ವೇ‍ಷವಾ? ಮಾಸ್ತಿ ಬರೆದದ್ದು 1956ರಲ್ಲಿ, ಘಟನೆಗಿಂತ ನೂರಿಪ್ಪತ್ತು ವರ್ಷ ಆಚೆ. ಪುಸ್ತಕದ ಹೆಸರು ಕೇಳಿದಿರಲ್ಲ, ಇಗೊಳ್ಳಿ ಕೊಟ್ಟೆ.

ಬದಿಯಡ್ಕದ ಓದುಗ:
‘ಚಿಕವೀರ ರಾಜೇಂದ್ರ’ ಒಳ್ಳೆಯ ಕಾದಂಬರಿ. ಆದರೆ ಅದು ಒಳ್ಳೆಯದಾದದ್ದು ಅರಮನೆ ಹಾಳಾಗಿರುವ ಕಾರಣ. ವೈಭವದ ಕತೆ ಬರೆದಿದ್ದರೆ ಮಾಸ್ತಿಯವರಿಗೂ ಅದೇ ಗತಿ ಆಗುತ್ತಿತ್ತು. ಅವರು ಬರೆದದ್ದು ಒಂದು ಕೆಟ್ಟ ಸಂಸಾರದ ಕತೆ, ಆ ಸಂಸಾರದ ಕೈಯಲ್ಲಿ ಒಂದು ರಾಜ್ಯ ಇತ್ತು.

ಅಕ್ಕಲಕೋಟಿ ಕನ್ನಡಿಗ:
ನಮಸ್ಕಾರ್ರಿ. ನಾನು ಸೊಲ್ಲಾಪುರ ಜಿಲ್ಲೆಯವ. ನಿಮ್ಮ ಕಡೆ ಮಲಯಾಳ, ನಮ್ಮ ಕಡೆ ಮರಾಠಿ. ಐತಿಹಾಸಿಕ ಕಾದಂಬರಿಯ ಹುಚ್ಚು ನಮ್ಮಲ್ಲಿ ಜಾಸ್ತಿ. ಕನ್ನಡಕ್ಕೆ ಆ ರುಚಿ ಹತ್ತಿಸಿದ್ದರಲ್ಲೂ ಮರಾಠಿಯ ಪಾಲು ದೊಡ್ಡದು. ಗಳಗನಾಥರು ಮರಾಠಿ ಕಾದಂಬರಿ ಕನ್ನಡಕ್ಕೆ ತಂದರು, ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದರು.

ನಾನು ಹೇಳಬೇಕು ಅಂದುಕೊಂಡದ್ದು ಹೈದರನ ಬಗ್ಗೆ. ನಾನು ಮೊದಲು ಓದಿದ್ದು ರಣಜಿತ್ ದೇಸಾಯಿ ಅವರ ‘ಸ್ವಾಮಿ’, 1962ರದು. ಮಾಧವರಾವ್ ಪೇಶ್ವೆಯ ಕತೆ. ಇಪ್ಪತ್ತೇಳು ವರ್ಷಕ್ಕೆ ಕ್ಷಯದಿಂದ ಸತ್ತ ಹುಡುಗ. ಅವನ ದುಡಿಮೆಯ ಅರ್ಧ ಹೈದರನ ಮೇಲೆ ದಂಡು ಹೋಗುವುದೇ. ಆಮೇಲೆ ತರಾಸು ಓದಿದೆ. ಅಲ್ಲಿ ಚಿತ್ರದುರ್ಗದವರಿಗೆ ಒಂದು ಕಡೆ ಹೈದರ್, ಇನ್ನೊಂದು ಕಡೆ ಅದೇ ನಮ್ಮ ಪೇಶ್ವೆ. ಯಾರ ಜೊತೆ ಸೇರಿದರೂ ಕಪ್ಪ ಕೊಡಬೇಕು. ಒಂದು ಪುಸ್ತಕದಲ್ಲಿ ನಾನು ಅತ್ತದ್ದು ಯಾವ ದಂಡಿಗಾಗಿಯೋ, ಇನ್ನೊಂದರಲ್ಲಿ ಅದೇ ದಂಡು ಬಾಗಿಲಿಗೆ ಬಂದರೆ ಹೆದರಿಕೆ. ತಲೆ ತಿರುಗಿತು. ಎರಡೂ ಭಾಷೆ ಓದುವ ಗಡಿಯವರಿಗೆ ಮಾತ್ರ ಈ ಸುಖ ಸಿಗುತ್ತದೆ. ಒಂದೇ ಭಾಷೆ ಓದುವವರು ಒಬ್ಬ ನಾಯಕನನ್ನು ಹಿಡಿದುಕೊಂಡು ಜಗಳಕ್ಕೆ ಹೋಗುತ್ತಾರೆ.

ಆದ್ದರಿಂದ ಐತಿಹಾಸಿಕ ಕಾದಂಬರಿ ಬಿಡಬೇಡಿ ಸರ್. ಜೋಡಿ ಮಾಡಿ ಓದಿ.

ನೀಲೇಶ್ವರದ ಮಾಷ್ಟ್ರು:
ಅಕ್ಕಲಕೋಟಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಮಲಯಾಳದಲ್ಲಿ ಸಿ.ವಿ. ರಾಮನ್ ಪಿಳ್ಳೆಯವರ ‘ರಾಮರಾಜ ಬಹದ್ದೂರ್’ ಇದೆ. ಅದು ಟಿಪ್ಪು ತಿರುವಾಂಕೂರಿನ ಮೇಲೆ ಬಂದ ಕಾಲ. ಅಲ್ಲಿ ಕೂತು ನೋಡಿದರೆ ಮೈಸೂರು ಅಂದರೆ ಉತ್ತರದಿಂದ ಬರುವ ಶತ್ರು. ನಮ್ಮ ಬೇಕಲ ಕೋಟೆ ಮಾತ್ರ ಎಲ್ಲರ ಕೈಯಲ್ಲೂ ಇತ್ತು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅನ್ನುತ್ತಾರೆ, ಆಮೇಲೆ ಹೈದರ್, ಟಿಪ್ಪು, ಕಂಪನಿ. ಕೋಟೆಯ ಕೆಳಗಿನ ಮೀನುಗಾರನಿಗೆ ನಾಲ್ಕೂ ಒಂದೇ ಆಗಿರಬೇಕು.

ಪೆರಡಾಲ ಹೊಳೆ:
ಆಧಾರ ಕೊಟ್ಟು ಬರೆದರೆ ಈ ಜಗಳ ಇರುವುದಿಲ್ಲ. ಕೆ.ಎನ್. ಗಣೇಶಯ್ಯ ಅವರ ಕಾದಂಬರಿಗಳಲ್ಲಿ ಶಾಸನ, ಫೋಟೊ, ಪುಸ್ತಕದ ಹೆಸರು ಎಲ್ಲ ಇರುತ್ತದೆ. ಭೈರಪ್ಪನವರ ‘ಆವರಣ’ದ ಒಳಗೇ ಆಧಾರ ಗ್ರಂಥಗಳ ಪಟ್ಟಿ ಇದೆ. ಹಾಗೆ ಬರೆಯಬೇಕು.

ಉಪ್ಪಳ ಗೇಟ್:
ಪಟ್ಟಿ ಕೊಟ್ಟರೆ ಕಾದಂಬರಿ ನಿಜ ಆಗುವುದಿಲ್ಲ. ಯಾವ ಪುಸ್ತಕ ಬಿಟ್ಟರು ಅಂತ ಆ ಪಟ್ಟಿ ಹೇಳುತ್ತದಾ? ಗಣೇಶಯ್ಯನವರದ್ದು ಪತ್ತೇದಾರಿಯ ಓಟ, ಅದಕ್ಕೆ ಅಡಿಟಿಪ್ಪಣಿ ಚಂದ ಕಾಣುತ್ತದೆ. ಮಾಸ್ತಿಯವರ ಅರಸನ ದುಃಖಕ್ಕೆ ಯಾವ ಅಡಿಟಿಪ್ಪಣಿ ಹಾಕುತ್ತೀರಿ?

ಅಡ್ಮಿನ್:
‘ಆವರಣ’ದ ಬಗ್ಗೆ ಬಂದ ಹದಿನಾಲ್ಕು ಕಮೆಂಟ್ ತೆಗೆದಿದ್ದೇನೆ. ಅದರಲ್ಲಿ ಕಾದಂಬರಿ ಓದಿದವರು ಬರೆದದ್ದು ಎರಡೋ ಮೂರೋ ಇರಬಹುದು. ಆ ಕಾದಂಬರಿ ಬಂದ 2007ರಲ್ಲಿ ಆಡಿದ ಜಗಳವನ್ನು ಇಲ್ಲಿ ಮತ್ತೆ ಆಡುವುದು ಬೇಡ. ಮೂಲ ವಿಷಯಕ್ಕೆ ಬನ್ನಿ.

ಚಂದ್ರಗಿರಿ ದಡದವಳು:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಅರಸರು, ಪೊಲೀಸರು, ರೈತರು ಎಲ್ಲರೂ ಬಂದು ಹೋದರು. ಹೆಂಗಸರು ಅಂತ ಬಂದದ್ದು ಪಹರೆಯವನ ಹೆಂಡತಿ, ಕಟ್ಟಿಗೆ ಕೂಡಿಡುವವರು, ಹೆಚ್ಚೆಂದರೆ ಸತಿ ಹೋಗುವವರು.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ನಮ್ಮದೇ ಹೊಳೆಯ ಹೆಸರಿನ ಕಾದಂಬರಿ. 1980ರ ದಶಕದ ಮೊದಲಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಬಂತು. ನಾದಿರಾಳಿಗೆ ಗಂಡ ರಶೀದ್ ಬೇಕು, ಅವನಿಗೂ ಅವಳು ಬೇಕು. ನಡುವೆ ಅಪ್ಪನ ಹಟ. ತಲಾಖ್ ಆಗುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಬೇರೊಬ್ಬನನ್ನು ಒಂದು ರಾತ್ರಿಯ ಮಟ್ಟಿಗೆ ಮದುವೆಯಾಗಬೇಕು. ಅವಳು ಮಸೀದಿಯ ಕೆರೆಗೆ ಹೋಗುತ್ತಾಳೆ. ನನ್ನ ತಾಯಿ ಇದನ್ನು ಓದಿದ್ದು ಅಡುಗೆಮನೆಯ ಬಾಗಿಲು ಹಾಕಿಕೊಂಡು. ಆಗ ಅದು ನಮ್ಮ ಓಣಿಯಲ್ಲಿ ನಾಳೆಯೇ ಆಗಬಹುದಾದ ವಿಷಯ.

ಈಗ ನನ್ನ ಮಗಳು ಓದಿದಳು. ಅವಳ ಮೊದಲ ಮಾತು, ‘ಇದು ಆಗಿನ ಕಾಲದ್ದು, ಅಲ್ವಾ?’ ಒಂದೇ ಸಲ ಮೂರು ತಲಾಖ್ ಹೇಳುವುದು ಊರ್ಜಿತ ಅಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2019ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನೂ ಬಂತು. ಹಾಗಾಗಿ ಅವಳಿಗೆ ಈ ಪುಸ್ತಕ ಐತಿಹಾಸಿಕ ಕಾದಂಬರಿ. ನನಗೆ ಅಲ್ಲ. ಮಗಳ ಮದುವೆ, ಓದು, ತವರಿಗೆ ವಾಪಸ್ ಬರುವುದು, ಯಾವುದರಲ್ಲೂ ಕೊನೆಯ ಮಾತು ಇನ್ನೂ ಅಪ್ಪನದ್ದೇ ಇರುವ ಮನೆಗಳು ನನಗೆ ಗೊತ್ತು. ಎಲ್ಲ ಜಾತಿಯಲ್ಲೂ ಇವೆ, ನಮ್ಮಲ್ಲಿ ಮಾತ್ರ ಅಂತ ಯಾರೂ ಖುಷಿಪಡಬೇಡಿ. ಕಾನೂನು ಬದಲಾದ ಮಟ್ಟಿಗೆ ಆ ಕಾದಂಬರಿಯ ಕತೆ ಹಳೆಯದಾಯಿತು. ಅಪ್ಪನ ಪಾತ್ರ ಹಳೆಯದಾಗಲಿಲ್ಲ.

ಬದಿಯಡ್ಕದವರ ಮಾತು ಚಂದ ಉಂಟು, ಆ ಕಾಲದವರು ಬರೆದದ್ದೇ ಚರಿತ್ರೆ ಅಂತ. ಆದರೆ ಬರೆಯಲು ಬಿಟ್ಟರೆ ತಾನೇ? ಕಾಸರಗೋಡಿನ ಮುಸ್ಲಿಂ ಹುಡುಗಿಯರು ಕನ್ನಡ ಶಾಲೆಗೆ ಹೋಗುವುದೇ ಅಪರೂಪ ಇದ್ದ ಕಾಲದಲ್ಲಿ ಸಾರಾ ಓದಿದರು. 1936ರಲ್ಲಿ ಹುಟ್ಟಿದವರ ಮೊದಲ ಕಾದಂಬರಿ ಬರುವಾಗ ನಲವತ್ತು ದಾಟಿತ್ತು. ಅವರ ಅಜ್ಜಿಯ ಕಾಲದ ಹೆಂಗಸರ ಬಗ್ಗೆ ಆ ಕಾಲದಲ್ಲಿ ಬರೆದ ಪುಸ್ತಕ ಎಲ್ಲಿಂದ ತರುತ್ತೀರಿ? ಅವರ ಕತೆ ಬೇಕಾದರೆ ಈಗ ಯಾರಾದರೂ ಊಹಿಸಿಯೇ ಬರೆಯಬೇಕು. ನೀವು ಅದನ್ನು ವೇಷ ಅಂತೀರಿ. ಬರೆಯಲು ಬಾರದವರಿಗೆ ಚರಿತ್ರೆಯೇ ಬೇಡ ಅಂತ ಆಯಿತಲ್ಲ.

ಸೀತಾಂಗೋಳಿ ಬಸ್‌ಸ್ಟಾಪ್:
ನಾನು ಹೇಳಲು ಒದ್ದಾಡಿದ್ದನ್ನು ಅಕ್ಕ ಹೇಳಿದರು.

ಬದಿಯಡ್ಕದ ಓದುಗ:
ಇದಕ್ಕೆ ಉತ್ತರ ಕೊಡುವುದು ಕಷ್ಟ, ಕೊಡುತ್ತೇನೆ. ಬರೆಯದವರ ಕತೆಯನ್ನು ಊಹಿಸಿ ಬರೆಯಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅಂಥದ್ದು ಎಷ್ಟು ಬರುತ್ತಿದೆ? ಐತಿಹಾಸಿಕ ಅಂತ ಅಂಗಡಿಯಲ್ಲಿ ಕೈಗೆ ಸಿಗುವ ಹತ್ತರಲ್ಲಿ ಎಂಟರ ಮುಖಪುಟದ ಮೇಲೆ ಕತ್ತಿ ಇರುತ್ತದೆ. ನನ್ನ ಸಿಟ್ಟು ಅದರ ಮೇಲೆ.

ಕುಂಬಳೆ ಕೋಟೆಬಾಗಿಲು:
ತಡವಾಗಿ ಬಂದೆ. ನಮ್ಮ ಮೇಲೆ ಬರಬೇಕಾದ ಐತಿಹಾಸಿಕ ಕಾದಂಬರಿ ಯಾವುದು ಅಂತ ಯಾರೂ ಕೇಳಲಿಲ್ಲ. ಅಮರ ಸುಳ್ಯದ 1837ರ ದಂಗೆಗೆ ನಿರಂಜನರದ್ದೇ ‘ಕಲ್ಯಾಣಸ್ವಾಮಿ’ ಇದೆ. ಕೊಡಗಿನ ಅರಸರಿಗೆ ಬೆಳೆಯಲ್ಲೇ ಕಂದಾಯ ಕೊಡುತ್ತಿದ್ದವರನ್ನು ಕಂಪನಿ ರೊಕ್ಕದಲ್ಲಿ ಕೊಡಿ ಅಂದಿತು, ದಂಗೆಗೆ ಮುಖ್ಯ ಕಾರಣಗಳಲ್ಲಿ ಅದೊಂದು. ಮಂಗಳೂರನ್ನೇ ಕೆಲವು ದಿನ ಹಿಡಿದಿಟ್ಟರು. ಅದು ಬಿಡಿ, ಬಂದಾಯಿತು.

ನಾನು ಕೇಳುವುದು 1956ರ ನವೆಂಬರ್ 1ರ ಬಗ್ಗೆ, ಕಾಸರಗೋಡು ಕೇರಳಕ್ಕೆ ಸೇರಿದ ದಿನ. ಒಂದು ರಾತ್ರಿ ಮಲಗಿ ಏಳುವಾಗ ರಾಜ್ಯ ಬೇರೆ. ಅದರ ಬಗ್ಗೆ ನಮ್ಮಲ್ಲಿ ಕವನ ಇದೆ, ಭಾಷಣ ಬೇಕಾದಷ್ಟು ಇದೆ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದ 1967ರ ಮಹಾಜನ ಗಡಿ ಆಯೋಗದ ವರದಿ ಇದೆ. ಆದರೆ ಒಂದು ಮನೆಯ ಕತೆಯಾಗಿ ಅದನ್ನು ಹೇಳುವ ದೊಡ್ಡ ಕಾದಂಬರಿ ಬೇಕು. ವಿಲೇಜ್ ಆಫೀಸಿನಿಂದ ಬಂದ ಕಾಗದ ಓದಿಸಲು ಪಕ್ಕದ ಮನೆಗೆ ಹೋದ ಅಜ್ಜ. ಕನ್ನಡ ಮಾಷ್ಟ್ರ ಹುದ್ದೆಗೆ ಕನ್ನಡ ಬಾರದವರು ಬಂದು ಕೂತ ಶಾಲೆ. ಮಂಗಳೂರಿಗೆ ಮದುವೆಯಾಗಿ ಹೋದ ಅಕ್ಕ, ಕಣ್ಣೂರಿನಲ್ಲಿ ಕೆಲಸ ಸಿಕ್ಕಿದ ತಮ್ಮ. ಅದೇ ಮನೆಯ ಪಕ್ಕದ ಮಲಯಾಳಿ ಕುಟುಂಬ, ಅವರಿಗೆ ಇದು ಸೋಲಲ್ಲ, ಮನೆಗೆ ಬಂದ ಹಾಗೆ. ಅವರನ್ನೂ ಅಷ್ಟೇ ಪ್ರೀತಿಯಿಂದ ಬರೆಯಬೇಕು. ಬರೀ ಹೋರಾಟದ ಕತೆ ಆದರೆ ನಾನು ಓದುವುದಿಲ್ಲ. ಮಾಷ್ಟ್ರು ಹೇಳಿದ ಅರವತ್ತು ವರ್ಷ ಕಳೆದಾಯಿತಲ್ಲ, ಈಗ ಬರೆಯಲು ಎಂತ ಅಡ್ಡಿ?

ಪೈವಳಿಕೆ ತೋಟದವ:
ಬರೆಯುವವರು ಬೇಗ ಬರೆಯಿರಿ. 1956ರಲ್ಲಿ ಹತ್ತು ವರ್ಷ ಆಗಿದ್ದವರಿಗೆ ಈಗ ಎಂಬತ್ತು. ಮತ್ತೆ ರಬ್ಬರ್ ತೋಟ ಎಲ್ಲೆಲ್ಲಿ ಹಾಕುತ್ತೀರಿ ಅಂತ ನನ್ನ ಹತ್ತಿರ ಕೇಳಿಯೇ ಹಾಕಿ.

ಉಪ್ಪಳ ಗೇಟ್:
ಕೋಟೆಬಾಗಿಲಿನವರು ಪಕ್ಕದ ಮನೆಯ ಮಲಯಾಳಿಯನ್ನೂ ಪ್ರೀತಿಯಿಂದ ಬರೆಯಬೇಕು ಅಂದರಲ್ಲ, ನಾನು ಸುಬ್ಬರಾಯನ್ ಬಗ್ಗೆ ಹೇಳಿದ್ದು ಅದನ್ನೇ. 1956ಕ್ಕೆ ಆಗುವ ನ್ಯಾಯ 1941ಕ್ಕೆ ಯಾಕೆ ಆಗುವುದಿಲ್ಲ ಮಾಷ್ಟ್ರೇ?

ನೀಲೇಶ್ವರದ ಮಾಷ್ಟ್ರು:
ಪಕ್ಕದ ಮನೆಯವನ ಕೈಯಲ್ಲಿ ಲಾಠಿ ಇರಲಿಲ್ಲ, ಅದಕ್ಕೆ. ಆದರೂ ನೀವು ಬರೆಯಿರಿ. ಸುಬ್ಬರಾಯನ್‌ನ ಕಡೆಯಿಂದಲೇ ಬರೆಯಿರಿ. ಮೊದಲ ಪ್ರತಿ ನಾನು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ, ಪುಟದ ಅಂಚಿನಲ್ಲಿ ತಕರಾರು ಬರೆದು ವಾಪಸ್ ಕಳಿಸುತ್ತೇನೆ.

ಉಪ್ಪಳ ಗೇಟ್:
ಅಂಚು ಅಗಲ ಬಿಟ್ಟು ಅಚ್ಚು ಹಾಕಿಸುತ್ತೇನೆ.